ಡಬ್ಬ ಕೊಳ್ಳುವ ಮೊದಲು ತಟ್ಟೆ ತೂಗಿ: ದೂರ ಓಡುವವರಿಗೆ ಪ್ರೋಟೀನ್ ಪುಡಿ ಬೇಕೆ?

ವಾರಕ್ಕೆ 30ರಿಂದ 60 ಕಿ.ಮೀ. ಓಡುತ್ತ, ಮೂರು ಹೊತ್ತು ಹೊಟ್ಟೆ ತುಂಬ ಉಣ್ಣುವ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಪ್ರೋಟೀನ್ ಪುಡಿ ಬೇಕಿಲ್ಲ. ಪ್ರೋಟೀನ್ ಮಾತ್ರ ಖಂಡಿತ ಬೇಕು, ಅದೂ ಓಡದವರಿಗಿಂತ ಹೆಚ್ಚು. ಅದನ್ನು ಅಡುಗೆಮನೆಯಿಂದಲೇ ತುಂಬಿಕೊಳ್ಳಬಹುದೇ, ಡಬ್ಬದ ಮೊರೆ ಹೋಗಬೇಕೇ ಎಂದು ತಿಳಿಯಲು ಮೂರು ದಿನ ತಿಂದದ್ದನ್ನು ತೂಗಿ ಬರೆದರೆ ಸಾಕು. ಆ ಲೆಕ್ಕ ಹಾಕುವುದು ಹೇಗೆ, ಕೊರತೆ ಕಂಡರೆ ಏನು ಮಾಡುವುದು, ಕೊನೆಗೂ ಪುಡಿ ಕೊಳ್ಳಲೇಬೇಕಾದರೆ ಏನು ನೋಡಿ ಕೊಳ್ಳುವುದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಕೊಡಗಿನ ಊಟಕ್ಕೆ ಒಂದು ಓರೆ ಇದೆ. ರಾತ್ರಿ ಕಡಂಬುಟ್ಟಿನ (ಅಕ್ಕಿತರಿಯ ಹಬೆಯುಂಡೆ) ಜೊತೆ ಪಂದಿ (ಹಂದಿಮಾಂಸ) ಕರಿಯೋ ಕೋಳಿ ಕರಿಯೋ ಇದ್ದರೆ ಆ ಒಂದೇ ಹೊತ್ತಿಗೆ 35 ಗ್ರಾಂ ಪ್ರೋಟೀನ್ ಹೊಟ್ಟೆ ಸೇರುತ್ತದೆ. ಬೆಳಗ್ಗೆ ಎರಡು ಅಕ್ಕಿ ಒಟ್ಟಿ (ರೊಟ್ಟಿ), ಚಟ್ನಿ, ಒಂದು ಲೋಟ ಕಾಫಿಯಲ್ಲಿ 8-9 ಗ್ರಾಂ ದಾಟುವುದೇ ಕಷ್ಟ. ಓಡುವುದೋ ಬೆಳಗ್ಗೆ. ಹಾಗಾಗಿ ಇಲ್ಲಿನ ಓಟಗಾರರ ಕೊರತೆ ಇಡೀ ದಿನದ ಮೊತ್ತಕ್ಕಿಂತ ಹೆಚ್ಚಾಗಿ ಬೆಳಗಿನ ತಟ್ಟೆಯಲ್ಲಿದೆ.

ಓಟದಲ್ಲಿ ಪ್ರೋಟೀನ್ ಎಷ್ಟು ಖರ್ಚಾಗುತ್ತದೆ?

ಅಂದುಕೊಂಡಷ್ಟಲ್ಲ. 60 ಕೆ.ಜಿ. ತೂಕದವರು 10 ಕಿ.ಮೀ. ಓಡಿದರೆ ಸುಮಾರು 600 ಕ್ಯಾಲೊರಿ ಖರ್ಚು. ಅದರಲ್ಲಿ ಪ್ರೋಟೀನಿನಿಂದ ಬರುವುದು ಹೆಚ್ಚೆಂದರೆ ಶೇ. 3ರಿಂದ 5, ಎಂದರೆ 5ರಿಂದ 8 ಗ್ರಾಂ, ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲಿನಷ್ಟು. ಉಳಿದದ್ದೆಲ್ಲ ಪಿಷ್ಟ (ಕಾರ್ಬೊಹೈಡ್ರೇಟ್) ಮತ್ತು ಕೊಬ್ಬಿನಿಂದ. ಸ್ನಾಯು ಹಾಗೂ ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟ, ಎಂದರೆ ಗ್ಲೈಕೋಜನ್, ಬರಿದಾದಾಗ ಮಾತ್ರ ಈ ಪಾಲು ಶೇ. 10ರ ಹತ್ತಿರಕ್ಕೆ ಏರುತ್ತದೆ. ಸೌದೆ ಮುಗಿಯಿತೆಂದು ಮನೆಯ ತೊಲೆ ಕಡಿದು ಒಲೆಗಿಟ್ಟ ಹಾಗೆ ಅದು.

ಹಾಗಾದರೆ ಓಟಗಾರನಿಗೆ ಹೆಚ್ಚು ಪ್ರೋಟೀನ್ ಏಕೆ? ದುರಸ್ತಿಗೆ, ಹೊಸ ಕಟ್ಟಡಕ್ಕೆ. ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಹೆಚ್ಚಬೇಕು, ಕಿಣ್ವಗಳು ಹೆಚ್ಚಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ ಆಗಬೇಕು, ಹರಿದ ನಾರುಗಳು ಕೂಡಬೇಕು. ಇದೆಲ್ಲ ಓಟ ಮುಗಿದ ಮೇಲೆ ಒಂದೆರಡು ದಿನ ನಡೆಯುವ ಕೆಲಸ.

ಕೊಡಗಿನಲ್ಲಿ ಓಡುವವರಿಗೆ ಇಳಿಜಾರಿನ ತೊಂದರೆ ಬೇರೆ. ಏರು ಹತ್ತುವಾಗ ಉಸಿರು ಕಟ್ಟಬಹುದು, ಸ್ನಾಯು ಹಾಳಾಗುವುದು ಇಳಿಯುವಾಗಲೇ. ಮೈಭಾರವನ್ನು ತಡೆಯುತ್ತ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕು. ನಾರುಗಳು ಸೂಕ್ಷ್ಮವಾಗಿ ಹರಿಯುವುದು ಆಗ. ಮಡಿಕೇರಿಯಿಂದ ಕುಶಾಲನಗರದ ಕಡೆಗೆ ರಸ್ತೆ 300 ಮೀಟರಿಗೂ ಹೆಚ್ಚು ಇಳಿಯುತ್ತದೆ. ಆ ದಿಕ್ಕಿನಲ್ಲಿ ಮೊದಲ ಸಲ ಉದ್ದ ಓಡಿದವರಿಗೆ ಮರುದಿನ ಮೆಟ್ಟಿಲು ಇಳಿಯಲಾಗದು. 24ರಿಂದ 72 ಗಂಟೆಯ ನಡುವೆ ಈ ನೋವು ಹೆಚ್ಚು. ಪ್ರೋಟೀನ್ ಕುಡಿದರೆ ನೋವು ಬರುವುದಿಲ್ಲ ಎಂಬ ಮಾತನ್ನು ನಂಬಬೇಡಿ. ದುರಸ್ತಿಗೆ ಸಾಮಗ್ರಿ ಒದಗುತ್ತದೆ, ಅಷ್ಟೇ. ನೋವು ತಪ್ಪಿಸುವ ದಾರಿ ಬೇರೆ: ವಾರಕ್ಕೊಮ್ಮೆ ಒಂದು ಕಿ.ಮೀ. ಇಳಿಜಾರಿನಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸಿ. ಸ್ನಾಯು ಒಂದು ಸಲ ಪಾಠ ಕಲಿತರೆ ಕೆಲವು ವಾರ ಮರೆಯುವುದಿಲ್ಲ.

ಹಂತ 1: ನಿಮ್ಮ ಲೆಕ್ಕ ಕಂಡುಕೊಳ್ಳಿ

ಸಾಮಾನ್ಯ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ. ಓಡುವವರಿಗೆ ಇದು ಸಾಲದು. ವಾರಕ್ಕೆ ಮೂರು-ನಾಲ್ಕು ದಿನ ಹಗುರವಾಗಿ ಓಡುವವರು 1.2ರಿಂದ 1.4 ಗ್ರಾಂ ಹಿಡಿಯಿರಿ. ವಾರಕ್ಕೆ 40 ಕಿ.ಮೀ. ದಾಟಿ, ವೇಗದ ಅಭ್ಯಾಸವೂ ಭಾನುವಾರದ ಉದ್ದ ಓಟವೂ ಇದ್ದರೆ 1.5ರಿಂದ 1.6. ಮ್ಯಾರಥಾನ್ ತಯಾರಿಯ ಕಡುವಾದ ವಾರಗಳಲ್ಲಿ, ಅಥವಾ ಓಡುತ್ತಲೇ ತೂಕ ಇಳಿಸುತ್ತಿದ್ದರೆ 1.6ರಿಂದ 1.8. ಕೆ.ಜಿ.ಗೆ 2 ಗ್ರಾಂ ಮೀರಿದರೆ ದೂರದ ಓಟಗಾರನಿಗೆ ಹೆಚ್ಚಿನ ಲಾಭವಿಲ್ಲ; ತಟ್ಟೆಯಲ್ಲಿ ಅನ್ನಕ್ಕೆ ಜಾಗ ಕಡಿಮೆಯಾಗುತ್ತದೆ, ಅದೇ ನಷ್ಟ.

60 ಕೆ.ಜಿ. ತೂಕದವರು 1.4ರಂತೆ ಲೆಕ್ಕ ಹಾಕಿದರೆ ದಿನಕ್ಕೆ 84 ಗ್ರಾಂ. 50 ಕೆ.ಜಿ. ಇರುವ ಮಹಿಳೆಗೆ 1.5ರಂತೆ 75 ಗ್ರಾಂ. ತೂಕ ಬಹಳ ಹೆಚ್ಚಿದ್ದರೆ ಈಗಿನ ತೂಕ ಬಿಟ್ಟು, ತಲುಪಬೇಕಾದ ತೂಕದಿಂದ ಗುಣಿಸಿ.

ಮೊತ್ತದಷ್ಟೇ ಮುಖ್ಯ ಅದನ್ನು ಹಂಚುವುದು. ಒಂದು ಹೊತ್ತಿಗೆ ಕೆ.ಜಿ.ಗೆ 0.3 ಗ್ರಾಂ, ಎಂದರೆ 60 ಕೆ.ಜಿ.ಗೆ 18ರಿಂದ 20 ಗ್ರಾಂ ಸಿಕ್ಕರೆ ದುರಸ್ತಿ ಚೆನ್ನಾಗಿ ಸಾಗುತ್ತದೆ. 50 ದಾಟಿದವರ ಸ್ನಾಯು ಸ್ವಲ್ಪ ಮಂದ. ಅವರಿಗೆ ಹೊತ್ತಿಗೆ 0.4 ಬೇಕು. ಮೂರು-ನಾಲ್ಕು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ. ರಾತ್ರಿ ಒಂದೇ ಸಲ 60 ಗ್ರಾಂ ತಿಂದರೆ ವ್ಯರ್ಥವೇನಲ್ಲ, ಆದರೆ ಬೆಳಗಿನ ಖಾಲಿಯನ್ನು ಅದು ಪೂರ್ತಿ ತುಂಬದು.

ಹಂತ 2: ಮೂರು ದಿನ ತೂಗಿ ಬರೆಯಿರಿ

ಒಂದು ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಎರಡು ಕೆಲಸದ ದಿನ, ಒಂದು ಭಾನುವಾರ, ಒಟ್ಟು ಮೂರು ದಿನ ಬರೆಯಿರಿ. ಬೇಯಿಸುವ ಮುಂಚಿನ ತೂಕವನ್ನೇ ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ: 100 ಗ್ರಾಂ ಅಕ್ಕಿಯಲ್ಲಿ 7-8 ಗ್ರಾಂ ಪ್ರೋಟೀನ್, 100 ಗ್ರಾಂ ಅನ್ನದಲ್ಲಿ ಎರಡೂವರೆ ಗ್ರಾಂ ಮಾತ್ರ. ನೀರು ಸೇರಿ ತೂಕ ಮೂರು ಪಟ್ಟು ಆಗಿರುತ್ತದೆ.

ಸುಮಾರು ಪ್ರಮಾಣಗಳು ಹೀಗಿವೆ, ಬೇಯಿಸದ 100 ಗ್ರಾಂ ಲೆಕ್ಕದಲ್ಲಿ:

- ಅಕ್ಕಿ, ರಾಗಿ: 7ರಿಂದ 8 ಗ್ರಾಂ
- ತೊಗರಿಬೇಳೆ, ಹೆಸರುಕಾಳು, ಹುರುಳಿ: 21ರಿಂದ 24
- ಕಡಲೆಕಾಳು, ಹುರಿಗಡಲೆ: 19ರಿಂದ 22
- ಕಡಲೆಕಾಯಿ ಬೀಜ: 24
- ಸೋಯಾ ಚಂಕ್ಸ್: 50
- ಪನೀರ್: 18
- ಕೋಳಿ, ಮೂಳೆ ಬಿಟ್ಟು: 20ರಿಂದ 22
- ಹಂದಿಮಾಂಸ, ಕೊಬ್ಬು ತೆಗೆದದ್ದು: 20
- ಬಂಗುಡೆ, ಮತ್ತಿ, ಮುಳ್ಳು ಬಿಟ್ಟು: 18ರಿಂದ 20
- ಕಣಿಲೆ, ಅಣಬೆ: 2ರಿಂದ 3

ಇನ್ನು ಒಂದು ಮೊಟ್ಟೆಗೆ 6 ಗ್ರಾಂ, 250 ಮಿ.ಲೀ. ಹಾಲಿಗೆ 8, 200 ಗ್ರಾಂ ಮೊಸರಿಗೆ 6.

ಪಟ್ಟಿ ನೋಡಿ ಮೋಸ ಹೋಗುವ ಕಡೆಗಳು ಕೆಲವಿವೆ. ಹಂದಿಮಾಂಸದ ಹೊಟ್ಟೆಭಾಗ, ಪದರ ಪದರವಾಗಿ ಕೊಬ್ಬಿರುವ ತುಂಡು, 100 ಗ್ರಾಂಗೆ 9-10 ಗ್ರಾಂ ಪ್ರೋಟೀನ್ ಕೊಟ್ಟರೆ 50 ಗ್ರಾಂ ಕೊಬ್ಬು ಕೊಡುತ್ತದೆ. ಪಂದಿ ಕರಿಗೆ ರುಚಿ ಬರುವುದೇ ಆ ಕೊಬ್ಬಿನಿಂದ, ಒಪ್ಪಿಕೊಳ್ಳೋಣ. ಆದರೆ ಬಟ್ಟಲಲ್ಲಿರುವುದೆಲ್ಲ ಮಾಂಸವೆಂದು ಲೆಕ್ಕ ಬರೆಯಬೇಡಿ. ಸರಾಸರಿ 15 ಹಿಡಿದರೆ ನಿಜಕ್ಕೆ ಹತ್ತಿರ. ಮೂಳೆ ಸಮೇತ ತಂದ ಕೋಳಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕಳೆಯಿರಿ. ಮಳೆಗಾಲದ ಬೈಂಬಳೆ (ಕಣಿಲೆ) ಕರಿ, ಕುಮ್ಮು (ಅಣಬೆ) ಕರಿ ಬಾಯಿಗೆ ಮಾಂಸದಂತೆ ಅನಿಸಿದರೂ ಪ್ರೋಟೀನಿನ ಲೆಕ್ಕದಲ್ಲಿ ಅವು ತರಕಾರಿಗಳೇ.

ಇನ್ನೊಂದು, ಹುರುಳಿ ಸಾರು. ಹುರುಳಿ ಬೇಯಿಸಿದ ಕಟ್ಟನ್ನು ಬಸಿದು ಸಾರು ಮಾಡಿ, ಕಾಳನ್ನು ಪಲ್ಯಕ್ಕೆ ಇಡುವುದು ರೂಢಿ. ಸಾರು ಕುಡಿದು "ಹುರುಳಿ ತಿಂದೆ, ಕುದುರೆಯ ಬಲ ಬಂತು" ಎಂದುಕೊಂಡರೆ ತಪ್ಪು. ಪ್ರೋಟೀನ್ ಉಳಿದಿರುವುದು ಕಾಳಿನಲ್ಲಿ. ಕಟ್ಟಿಗೆ ಬಂದದ್ದು ಅಲ್ಪ. ತೆಳು ಸಾಂಬಾರಿನದೂ ಇದೇ ಕಥೆ: ಒಂದು ಸೌಟಿನಲ್ಲಿ 2-3 ಗ್ರಾಂ. ಬೇಳೆ ದಪ್ಪ ಇರಲಿ, ಕಾಳು ತಟ್ಟೆಗೆ ಬರಲಿ. ಹುರುಳಿಯಿಂದ ಹೊಟ್ಟೆ ಉಬ್ಬರಿಸುವವರು 10-12 ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿ. ಉದ್ದ ಓಟದ ಹಿಂದಿನ ರಾತ್ರಿ ಮಾತ್ರ ಅದನ್ನು ಮುಟ್ಟಬೇಡಿ. ಕಾರಣ ಮರುದಿನ ಆರನೇ ಕಿ.ಮೀ.ನಲ್ಲಿ ತಿಳಿಯುತ್ತದೆ.

ಹಂತ 3: ಬೆಳಗಿನ ತಿಂಡಿ ಸರಿಪಡಿಸಿ

ಓಟಕ್ಕೆ ಮುಂಚೆ ಪ್ರೋಟೀನ್ ಬೇಡ. ಹೊಟ್ಟೆಯಿಂದ ನಿಧಾನಕ್ಕೆ ಇಳಿಯುವ ಪದಾರ್ಥ ಅದು, ಏರಿನಲ್ಲಿ ಹುಳಿತೇಗು ತರುತ್ತದೆ. ಒಂದು ಬಾಳೆಹಣ್ಣು, ಬೇಕಾದರೆ ಬೆಲ್ಲ ಹಾಕಿದ ಕರಿ ಕಾಫಿ ಸಾಕು. ಕಾಫಿಯ ಕೆಫೀನ್ ದೂರದ ಓಟಕ್ಕೆ ನಿಜಕ್ಕೂ ನೆರವಾಗುವ ವಸ್ತು. ಕೊಡಗಿನಲ್ಲಿ ಹೆಚ್ಚು ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಇರುತ್ತದೆ. ಸಾವಿರಾರು ರೂಪಾಯಿಯ "ಪ್ರೀ-ವರ್ಕೌಟ್" ಡಬ್ಬದೊಳಗೆ ಕೆಲಸ ಮಾಡುವ ಮುಖ್ಯ ಸರಕು ಇದೇ, ನಿಮ್ಮ ಹಿತ್ತಿಲಲ್ಲಿ ಒಣಗುತ್ತಿರುವುದು.

ಓಡಿ ಬಂದ ಮೇಲೆ ಎರಡು ಗಂಟೆಯೊಳಗೆ 20ರಿಂದ 25 ಗ್ರಾಂ ಪ್ರೋಟೀನ್ ಇರುವ ತಿಂಡಿ ತಿನ್ನಿ. "ಅರ್ಧ ಗಂಟೆ ಮೀರಿದರೆ ಎಲ್ಲ ಹಾಳು" ಎಂಬುದು ಡಬ್ಬ ಮಾರುವವರ ಮಾತು. ಖಾಲಿ ಹೊಟ್ಟೆಯಲ್ಲಿ ಓಡಿದ್ದರೆ, ಅಥವಾ ಅದೇ ಸಂಜೆ ಮತ್ತೆ ಓಡುವುದಿದ್ದರೆ ಮಾತ್ರ ಬೇಗ ತಿನ್ನುವುದು ಒಳ್ಳೆಯದು.

ತಿಂಡಿ ಬದಲಿಸಬೇಕಿಲ್ಲ, ಪಕ್ಕಕ್ಕೆ ಒಂದನ್ನು ಸೇರಿಸಬೇಕು. ಅಕ್ಕಿ ಒಟ್ಟಿಗೆ ಎರಡು ಮೊಟ್ಟೆ, ಒಂದು ಲೋಟ ಹಾಲು ಸೇರಿದರೆ 25 ಗ್ರಾಂ. ನೂಲ್‌ಪುಟ್ಟಿಗೆ (ಅಕ್ಕಿ ಶಾವಿಗೆ) 40 ಗ್ರಾಂ ಕಡಲೆಕಾಳಿನ ಸಾರು, 250 ಮಿ.ಲೀ. ಹಾಲು ಸೇರಿದರೆ 22. ಹಿಂದಿನ ರಾತ್ರಿಯ ಕೋಳಿ ಕರಿ ಉಳಿದಿದ್ದರೆ ಇನ್ನೂ ಸುಲಭ. ಸೋಮವಾರಪೇಟೆ, ಶನಿವಾರಸಂತೆ ಕಡೆ ರಾಗಿರೊಟ್ಟಿ ತಿನ್ನುವವರು ಜೊತೆಗೆ ಅವರೆಕಾಳಿನ ಸಾರು, ಮೊಸರು ಹಾಕಿಕೊಳ್ಳಲಿ. ಪ್ರೋಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಧಾನ್ಯದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಮಿಥಿಯೊನಿನ್ ಕಡಿಮೆ. ಎರಡೂ ಕೂಡಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಇಲ್ಲಿ ಕಾಫಿಯ ಬಗ್ಗೆ ಒಂದು ಎಚ್ಚರಿಕೆ. ತಿಂಡಿ-ಊಟದ ಜೊತೆಗೇ ಕುಡಿದ ಕಾಫಿ-ಚಹಾ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಓಡುವವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಸುಸ್ತಿಗೆ ಪ್ರೋಟೀನ್ ಕೊರತೆಗಿಂತ ಕಬ್ಬಿಣದ ಕೊರತೆ ಹೆಚ್ಚಾಗಿ ಕಾರಣ. ಕಾಫಿಯನ್ನು ಊಟಕ್ಕಿಂತ ಒಂದು ಗಂಟೆ ಆಚೆಗೆ ತಳ್ಳಿ. ಊಟದ ಜೊತೆ ನಿಂಬೆಯೋ ಕೊಡಗಿನ ಕಿತ್ತಳೆಯೋ ಇರಲಿ, ಅದರ ಸಿ ವಿಟಮಿನ್ ಕಬ್ಬಿಣ ಹೀರಲು ನೆರವಾಗುತ್ತದೆ.

ಹಂತ 4: ಅನ್ನ ಕಡಿಮೆ ಮಾಡಬೇಡಿ

ಪುಡಿ ಶುರುಮಾಡಿದವರು ಮೊದಲು ಮಾಡುವ ಎಡವಟ್ಟು ಇದು. ಜಿಮ್‌ನಲ್ಲಿ ಕೇಳಿದ್ದನ್ನು ನಂಬಿ ಅನ್ನ ಅರ್ಧಕ್ಕೆ ಇಳಿಸುತ್ತಾರೆ. ಮೂರನೇ ವಾರಕ್ಕೆ ಕಾಲು ಸೀಸದಂತೆ ಭಾರ. ಆಗ "ಪ್ರೋಟೀನ್ ಸಾಲದು" ಎಂದು ಇನ್ನೊಂದು ಚಮಚ ಹಾಕುತ್ತಾರೆ. ತೊಂದರೆ ಇರುವುದು ಗ್ಲೈಕೋಜನ್ ತುಂಬದಿರುವುದರಲ್ಲಿ.

ದಿನಕ್ಕೆ ಸುಮಾರು ಒಂದು ಗಂಟೆ ಓಡುವವರಿಗೆ ಕೆ.ಜಿ.ಗೆ 5ರಿಂದ 7 ಗ್ರಾಂ ಪಿಷ್ಟ ಬೇಕು. 60 ಕೆ.ಜಿ.ಗೆ 300ರಿಂದ 420 ಗ್ರಾಂ. 100 ಗ್ರಾಂ ಅಕ್ಕಿಯಲ್ಲಿ ಸಿಗುವುದು 78. ಲೆಕ್ಕ ಹಾಕಿದರೆ ಮೂರು ಹೊತ್ತಿನ ಅಕ್ಕಿ, ಜೊತೆಗೆ ಹಣ್ಣು-ಬೆಲ್ಲ ಎಲ್ಲ ಸೇರಿ ಹೇಗೋ ಮುಟ್ಟುತ್ತದೆ. ಕಡಂಬುಟ್ಟು, ಪಾಪುಟ್ಟಿನಂಥ (ಹಾಲು-ಕಾಯಿ ಹಾಕಿದ ಅಕ್ಕಿತರಿಯ ಹಬೆತಿಂಡಿ) ಅಕ್ಕಿಯ ತಿಂಡಿಗಳು ಓಟಗಾರನ ಶತ್ರುಗಳಲ್ಲ.

ಒಂದೂವರೆ ಗಂಟೆ ಮೀರಿದ ಓಟದಲ್ಲಿ ದಾರಿಯಲ್ಲೇ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಹೊಟ್ಟೆಗೆ ಹೋಗಬೇಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ 25, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧ. ಒಂದು ದೊಡ್ಡ ಚಮಚ ಜೇನಿನಲ್ಲಿ 16. ಓಡುವಾಗ ಪ್ರೋಟೀನ್ ಕುಡಿಯುವುದರಿಂದ ವೇಗ ಹೆಚ್ಚುವುದಿಲ್ಲ.

60 ಕೆ.ಜಿ. ತೂಕದವರ ಒಂದು ದಿನ, ಪುಡಿಯಿಲ್ಲದೆ, ಹೀಗೆ ಬರುತ್ತದೆ. ತಿಂಡಿಗೆ ಮೇಲೆ ಹೇಳಿದ ಒಟ್ಟಿ-ಮೊಟ್ಟೆ-ಹಾಲು, 25 ಗ್ರಾಂ. ಮಧ್ಯಾಹ್ನ 120 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ತೊಗರಿಬೇಳೆಯ ದಪ್ಪ ಸಾರು, 150 ಗ್ರಾಂ ಮೊಸರು: 22. ಸಂಜೆ ಒಂದು ಹಿಡಿ, ಎಂದರೆ 30 ಗ್ರಾಂ, ಹುರಿದ ಕಡಲೆಕಾಯಿ ಬೀಜ, ಹಾಲಿನ ಕಾಫಿ: 10. ರಾತ್ರಿ 100 ಗ್ರಾಂ ಅಕ್ಕಿತರಿಯ ಕಡಂಬುಟ್ಟು, 100 ಗ್ರಾಂ ಮಾಂಸವಿರುವ ಕೋಳಿ ಕರಿ: 28. ಒಟ್ಟು 85. ಗುರಿ 84 ಇತ್ತು.

ಸಸ್ಯಾಹಾರಿಗಳಿಗೂ ಇದು ಆಗದ ಕೆಲಸವಲ್ಲ. ಬೆಳಗ್ಗೆ ನೂಲ್‌ಪುಟ್ಟು-ಕಡಲೆ-ಹಾಲು 22, ಮಧ್ಯಾಹ್ನ ಅದೇ ಊಟ 22, ಸಂಜೆ 10, ರಾತ್ರಿ ಎರಡು ಒಟ್ಟಿಯ ಜೊತೆ 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯ 22, ಮಲಗುವ ಮುಂಚೆ ಒಂದು ಲೋಟ ಹಾಲು 8. ಒಟ್ಟು 84. ಸೋಯಾ ಚಂಕ್ಸ್ ಕುದಿನೀರಿನಲ್ಲಿ ನೆನೆಸಿ, ಎರಡು ಸಲ ಗಟ್ಟಿಯಾಗಿ ಹಿಂಡಿ ಆಮೇಲೆ ಮಸಾಲೆಗೆ ಹಾಕಿದರೆ ಹಸಿ ವಾಸನೆ ಹೋಗುತ್ತದೆ. ಹಾಲು-ಮೊಸರನ್ನೂ ಬಿಟ್ಟವರಿಗೆ ಲೆಕ್ಕ ಬಿಗಿಯಾಗುತ್ತದೆ. ಅವರು ಬಿ12ರ ಮಾತ್ರೆಯನ್ನೂ ಯೋಚಿಸಬೇಕು.

ಹಂತ 5: ಇನ್ನೂ 15-20 ಗ್ರಾಂ ಸಾಲದಿದ್ದರೆ

ಡಬ್ಬಕ್ಕೆ ಮುಂಚೆ ಕಿರಾಣಿ ಅಂಗಡಿಯನ್ನು ಕೇಳಿ. 40 ಗ್ರಾಂ ಹುರಿಗಡಲೆ ಹಿಟ್ಟು, 250 ಮಿ.ಲೀ. ಹಾಲು, ಒಂದು ಬಾಳೆಹಣ್ಣು, ಚೂರು ಬೆಲ್ಲ, ಚಿಟಿಕೆ ಏಲಕ್ಕಿ ಮಿಕ್ಸಿಗೆ ಹಾಕಿ. 17 ಗ್ರಾಂ ಪ್ರೋಟೀನ್, ಜೊತೆಗೆ ಗ್ಲೈಕೋಜನ್ ತುಂಬಲು ಪಿಷ್ಟ. ಹಿಟ್ಟನ್ನು ಮೊದಲು ಸ್ವಲ್ಪ ಹಾಲಿನಲ್ಲಿ ಕಲಸಿ ಆಮೇಲೆ ಉಳಿದದ್ದು ಸುರಿದರೆ ಗಂಟು ಕಟ್ಟದು. ಇನ್ನೊಂದು ದಾರಿ ಕೆನೆರಹಿತ ಹಾಲಿನ ಪುಡಿ: 30 ಗ್ರಾಂ ಪುಡಿಯನ್ನು ಒಂದು ಲೋಟ ಹಾಲಿಗೆ ಕದಡಿದರೆ 18 ಗ್ರಾಂ. ಹಾಲು ಒಗ್ಗದವರಿಗೆ ಇದು ಆಗದು, ಅರ್ಧ ಭಾಗ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇರುತ್ತದೆ.

ಮಕ್ಕಳ ಮಾಲ್ಟ್ ಪುಡಿಗಳನ್ನು ಈ ಲೆಕ್ಕಕ್ಕೆ ತರಬೇಡಿ. ಒಂದು ದೊಡ್ಡ ಚಮಚದಲ್ಲಿ ಬರುವ ಪ್ರೋಟೀನ್ ಒಂದೆರಡು ಗ್ರಾಂ, ಉಳಿದದ್ದು ಸಕ್ಕರೆ ಮತ್ತು ಧಾನ್ಯದ ಸಾರ.

ಪುಡಿ ನಿಜಕ್ಕೂ ಉಪಯೋಗಕ್ಕೆ ಬರುವವರು

ಪಿಜಿಯಲ್ಲಿ, ಹಾಸ್ಟೆಲಿನಲ್ಲಿ ಇದ್ದು ಅಡುಗೆ ತಮ್ಮ ಕೈಯಲ್ಲಿಲ್ಲದವರು. ಬೆಳಗ್ಗೆ ಓಡಿ ನೇರ ತೋಟದ ಕೆಲಸಕ್ಕೋ ಬಸ್ಸಿಗೋ ಓಡುವವರು. ಉದ್ದ ಓಟದ ಮೇಲೆ ಎರಡು ಗಂಟೆ ಏನೂ ತಿನ್ನಲಾಗದವರು. ಇವರಿಗೆ ಕುಡಿಯುವುದು ಸುಲಭ. ತೂಕ ಇಳಿಸುತ್ತಿರುವವರು, ಗಾಯದಿಂದ ಚೇತರಿಸಿಕೊಳ್ಳುತ್ತಿರುವವರು, ಹಸಿವು ಕಡಿಮೆಯಾದ ಹಿರಿಯರು. ಇವರಿಗೆಲ್ಲ ಪುಡಿ ಒಂದು ಅನುಕೂಲ. ವೇ ಪುಡಿ ಎಂದರೆ ಚೀಸ್ ಮಾಡುವಾಗ ಉಳಿಯುವ ಹಾಲಿನ ತಿಳಿಯನ್ನು ಸೋಸಿ ಒಣಗಿಸಿದ್ದು, ಅದರಲ್ಲಿ ಮಂತ್ರವಿಲ್ಲ.

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಆರೋಗ್ಯವಂತರ ಮೂತ್ರಪಿಂಡ ಇಲ್ಲಿ ಹೇಳಿದ ಪ್ರಮಾಣಕ್ಕೆ ಹೆದರಬೇಕಿಲ್ಲ. ಶಾಲಾ ಮಕ್ಕಳಿಗೆ ಡಬ್ಬ ಬೇಡ, ಊಟ ಹೆಚ್ಚಿಸಿ.

ಸೇನಾ ಭರ್ತಿಯ 1.6 ಕಿ.ಮೀ. ಓಟಕ್ಕೆ ತಯಾರಾಗುವ ಹುಡುಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಮಾಸ್ ಗೇನರ್. ಅದರ ಹೆಸರಲ್ಲೇ ಉತ್ತರವಿದೆ: ತೂಕ ಏರಿಸುವ ಪುಡಿ ಅದು. ಬಹುಪಾಲು ಮಾಲ್ಟೊಡೆಕ್ಸ್ಟ್ರಿನ್ ಎಂಬ ಪಿಷ್ಟ, ಪ್ರೋಟೀನ್ ಐದನೇ ಒಂದು ಪಾಲಿನ ಆಸುಪಾಸು. ಸೆಕೆಂಡುಗಳ ಲೆಕ್ಕದಲ್ಲಿ ಓಡಬೇಕಾದವನು ದುಡ್ಡು ಕೊಟ್ಟು ಮೈಭಾರ ಕೊಂಡಂತೆ. ಬಿಸಿಎಎ ಎಂಬ ಅಮೈನೋ ಆಮ್ಲದ ಪುಡಿ ಕೂಡ ಬೇಡ. ಬೇಕಾದ ಒಂಬತ್ತು ಅಮೈನೋ ಆಮ್ಲಗಳಲ್ಲಿ ಮೂರು ಮಾತ್ರ ಅದರಲ್ಲಿವೆ, ಮೊಟ್ಟೆಯಲ್ಲಿ ಒಂಬತ್ತೂ ಇವೆ.

ಹಂತ 6: ಕೊಳ್ಳುವಾಗ

ಮೊದಲು ಒಂದು ಗ್ರಾಂ ಪ್ರೋಟೀನಿನ ಬೆಲೆ ತೆಗೆಯಿರಿ. 33 ಗ್ರಾಂ ಚಮಚಕ್ಕೆ 24 ಗ್ರಾಂ ಪ್ರೋಟೀನ್ ಎಂದು ಬರೆದಿದ್ದರೆ ಒಂದು ಕೆ.ಜಿ.ಯಲ್ಲಿ 727 ಗ್ರಾಂ. ಬೆಲೆ 2,400 ರೂ. ಇದ್ದರೆ ಗ್ರಾಂಗೆ 3.30 ರೂ. ಏಳು ರೂಪಾಯಿಯ ಮೊಟ್ಟೆಯಲ್ಲಿ ಗ್ರಾಂಗೆ 1.17 ರೂ., ಲೀಟರಿಗೆ 48 ರೂ.ನ ಹಾಲಿನಲ್ಲಿ 1.50, ಕೆ.ಜಿ.ಗೆ 100 ರೂ.ನ ಹುರುಳಿಯಲ್ಲಿ 50 ಪೈಸೆಗೂ ಕಡಿಮೆ. ನಿಮ್ಮೂರಿನ ಇವತ್ತಿನ ದರ ಹಾಕಿ ನೋಡಿ.

ವೇ ಪುಡಿಯಲ್ಲಿ ಎರಡು ಬಗೆ. ಕಾನ್ಸಂಟ್ರೇಟ್ ಅಗ್ಗ, ಶೇ. 70ರಿಂದ 80 ಪ್ರೋಟೀನ್. ಐಸೊಲೇಟ್ ದುಬಾರಿ, ಶೇ. 90ರಷ್ಟು ಪ್ರೋಟೀನ್, ಲ್ಯಾಕ್ಟೋಸ್ ತೀರ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಗುಡುಗುವವರಿಗೆ ಮಾತ್ರ ಐಸೊಲೇಟಿನ ಹೆಚ್ಚಿನ ದುಡ್ಡು ಸಾರ್ಥಕ.

ಲೇಬಲ್ಲಿನಲ್ಲಿ ಪದಾರ್ಥಗಳ ಪಟ್ಟಿ ಓದಿ. ಪ್ರೋಟೀನಿನ ಪ್ರಮಾಣವನ್ನು ಸಾಮಾನ್ಯವಾಗಿ ಅಳೆಯುವುದು ಸಾರಜನಕದ ಲೆಕ್ಕದಿಂದ. ಅಗ್ಗದ ಗ್ಲೈಸಿನ್, ಟಾರಿನ್‌ನಂಥ ಬಿಡಿ ಅಮೈನೋ ಆಮ್ಲ ಬೆರೆಸಿದರೂ ಸಾರಜನಕ ಏರುತ್ತದೆ, ಅಂಕಿ ದೊಡ್ಡದಾಗುತ್ತದೆ, ಉಪಯೋಗವಿರುವ ಪ್ರೋಟೀನ್ ಏರುವುದಿಲ್ಲ. ಈ ಹೆಸರುಗಳು ಪಟ್ಟಿಯಲ್ಲಿದ್ದರೆ ಡಬ್ಬ ವಾಪಸ್ ಇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಮುರಿಯದ ಸೀಲು ಇರಲೇಬೇಕು. ಬಿಡಿಯಾಗಿ ತೂಗಿ ಕೊಡುವ ಪುಡಿಯನ್ನು ಯಾರು ಕೊಟ್ಟರೂ ಕೊಳ್ಳಬೇಡಿ.

ರಾಜ್ಯ, ರಾಷ್ಟ್ರಮಟ್ಟದಲ್ಲಿ ಓಡುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಕೂಡಿಗೆಯ ಕ್ರೀಡಾ ಶಾಲೆಯಂಥ ಕಡೆಗಳಿಂದ ದೊಡ್ಡ ಕೂಟಗಳಿಗೆ ಹೋಗುವ ಮಕ್ಕಳ ಪೋಷಕರಿಗೂ ಇದು ತಿಳಿದಿರಲಿ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಪರೀಕ್ಷೆಯಲ್ಲಿ ನಿಷೇಧಿತ ವಸ್ತು ಸಿಕ್ಕರೆ "ಪುಡಿಯಲ್ಲಿತ್ತು, ನನಗೆ ಗೊತ್ತಿರಲಿಲ್ಲ" ಎಂಬುದರಿಂದ ಹೊಣೆ ತಪ್ಪುವುದಿಲ್ಲ. ದೇಹದೊಳಗೆ ಇರುವುದಕ್ಕೆಲ್ಲ ಕ್ರೀಡಾಪಟುವೇ ಹೊಣೆ. ಇನ್ಫಾರ್ಮ್ಡ್ ಸ್ಪೋರ್ಟ್‌ನಂಥ ಪರೀಕ್ಷಾ ಮುದ್ರೆ ಇರುವುದನ್ನೇ ತೆಗೆದುಕೊಂಡು, ನಿಮ್ಮ ಡಬ್ಬದ ಬ್ಯಾಚ್ ಸಂಖ್ಯೆ ಅವರ ಜಾಲತಾಣದಲ್ಲಿದೆಯೇ ನೋಡಿ. ಬಳಸಿ ಮುಗಿಯುವವರೆಗೆ ಡಬ್ಬ, ಬಿಲ್ಲು ಎರಡನ್ನೂ ಎಸೆಯಬೇಡಿ.

ಹಂತ 7: ಬಳಸುವುದು, ಮಳೆಗಾಲದಲ್ಲಿ ಕಾಪಾಡುವುದು

ಡಬ್ಬದೊಳಗಿನ ಚಮಚವನ್ನು ನಂಬದೆ ಮೊದಲ ಸಲ ತಕ್ಕಡಿಯಲ್ಲಿ ತೂಗಿ. ಒತ್ತಿ ತುಂಬಿದರೆ, ಸಡಿಲ ತುಂಬಿದರೆ ಐದಾರು ಗ್ರಾಂ ವ್ಯತ್ಯಾಸ. ಲೋಟಕ್ಕೆ ಮೊದಲು 200-250 ಮಿ.ಲೀ. ನೀರು, ಆಮೇಲೆ ಪುಡಿ. ಕುದಿಯುವ ನೀರಿಗೆ ಹಾಕಿದರೆ ಮೊಟ್ಟೆ ಒಡೆದು ಹಾಕಿದಂತೆ ಗಂಟು ಕಟ್ಟುತ್ತದೆ. ಪೋಷಕಾಂಶ ಹಾಳಾಗದು, ಗಂಟಲಲ್ಲಿ ಇಳಿಯದು. ಚಳಿಗೆ ಬಿಸಿ ಬೇಕೆನಿಸಿದರೆ ಉಗುರುಬೆಚ್ಚಗಿನ ಹಾಲಿನಲ್ಲಿ ಕದಡಿ. ಮೊದಲ ವಾರ ಅರ್ಧ ಚಮಚ ಮಾತ್ರ. ನೀರಿನಲ್ಲಿ ಕುಡಿದರೆ ಪಿಷ್ಟ ಸೇರಿಲ್ಲ ಎಂಬುದು ನೆನಪಿರಲಿ. ಜೊತೆಗೆ ಬಾಳೆಹಣ್ಣು ತಿನ್ನಿ. ದಿನಕ್ಕೆ ಒಂದು ಚಮಚ ಸಾಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ತಪ್ಪಿರುವುದು ಊಟದಲ್ಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಗಳಲ್ಲಿ ಉಪ್ಪೇ ನೀರಾಗುತ್ತದೆ, ಪುಡಿ ಬಿಡುತ್ತದೆಯೇ? ಎರಡು ಕೆ.ಜಿ. ಡಬ್ಬ ಅಗ್ಗವೆಂದು ಮೇ ಕೊನೆಗೆ ಕೊಂಡು ಜುಲೈನಲ್ಲಿ ಕಲ್ಲಾಗಿಸಬೇಡಿ. ಮಳೆಗಾಲಕ್ಕೆ ಅರ್ಧ ಕೆ.ಜಿ. ಸಾಕು. ತೇವ ಹೀರುವ ಸಣ್ಣ ಪೊಟ್ಟಣ ಒಳಗೇ ಇರಲಿ. ಒದ್ದೆ ಕೈ, ಒದ್ದೆ ಚಮಚ ಹೋಗಬಾರದು. ಫ್ರಿಜ್ಜಿನಲ್ಲಿ ಇಟ್ಟು ತೆಗೆದು ಮಾಡಿದರೆ ಒಳಗೆ ಬೆವರು ಕಟ್ಟಿ ಇನ್ನಷ್ಟು ಬೇಗ ಕೆಡುತ್ತದೆ. ಅಡುಗೆಮನೆಯ ಒಣ ಕಪಾಟು ವಾಸಿ, ಒಲೆಯ ಹಬೆಯಿಂದ ದೂರ. ಗಂಟು ಬೆರಳಲ್ಲಿ ಒತ್ತಿದರೆ ಪುಡಿಯಾದರೆ ಬಳಸಬಹುದು. ಮುಗ್ಗು ವಾಸನೆ, ಹಳೆ ಎಣ್ಣೆಯ ವಾಸನೆ, ಬಣ್ಣದ ಚುಕ್ಕೆ ಕಂಡರೆ ಚೆಲ್ಲಿಬಿಡಿ. ಶೇಕರ್ ಬಾಟಲಿಯನ್ನು ಕುಡಿದ ಕೂಡಲೇ ತೊಳೆಯಿರಿ, ಮುಚ್ಚಳದ ರಬ್ಬರನ್ನೂ ಬಿಚ್ಚಿ. ಒಂದು ದಿನ ಚೀಲದಲ್ಲಿ ಮರೆತ ಬಾಟಲಿಯ ವಾಸನೆ ಜನ್ಮಕ್ಕೆ ಬಿಡುವುದಿಲ್ಲ.

ಹಂತ 8: ಆರು ವಾರದ ಮೇಲೆ ನೋಡಿ

ಶುರುಮಾಡುವ ದಿನ ತೂಕ ಬರೆದಿಡಿ; ಆಮೇಲೆ ವಾರಕ್ಕೊಮ್ಮೆ, ಬೆಳಗ್ಗೆ, ಏನೂ ತಿನ್ನುವ ಮೊದಲು. ಒಂದೇ ದಾರಿಯಲ್ಲಿ, ಒಂದೇ ನಾಡಿಬಡಿತದಲ್ಲಿ ಓಡಿದ 5 ಕಿ.ಮೀ. ಸಮಯ ಬರೆಯಿರಿ. ಕಠಿಣ ಓಟದ ಮೂರನೇ ದಿನಕ್ಕೂ ಕಾಲು ಭಾರವಿದೆಯೇ, ನಿದ್ದೆ ಹೇಗಿದೆ ಎಂಬುದನ್ನೂ. ಆರು ವಾರದಲ್ಲಿ ಏನೂ ಬದಲಾಗದಿದ್ದರೆ ನಿಮಗೆ ಕೊರತೆ ಇರಲಿಲ್ಲ. ಡಬ್ಬ ಮುಗಿದ ಮೇಲೆ ಮತ್ತೆ ತರಬೇಡಿ.

ಉಣ್ಣುವುದೆಲ್ಲ ಸರಿಯಿದ್ದೂ ಸುಸ್ತು ಹೋಗದಿದ್ದರೆ ಪುಡಿ ಹೆಚ್ಚಿಸದೆ ರಕ್ತಪರೀಕ್ಷೆಗೆ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಡಿ ವಿಟಮಿನ್ ಈ ನಾಲ್ಕನ್ನು ಕೇಳಿ. ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ ತಳ ಕಂಡಿರುವುದು ಓಟಗಾರರಲ್ಲಿ ಸಾಮಾನ್ಯ, ಹಾಗಾಗಿ ಒಂದನ್ನೇ ನೋಡಿ ಸುಮ್ಮನಾಗಬೇಡಿ. ತಿಂಗಳುಗಟ್ಟಲೆ ಮಳೆ-ಮೋಡದಲ್ಲಿ ಇರುವವರಿಗೆ ಡಿ ವಿಟಮಿನ್ ಪರೀಕ್ಷೆಯೂ ದಂಡವಲ್ಲ.

ಓಡುವ ಮಹಿಳೆಯರಲ್ಲಿ ಮುಟ್ಟು ಮೂರು ತಿಂಗಳು ನಿಂತರೆ, ಯಾರಲ್ಲೇ ಆಗಲಿ ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಜಾಗದಲ್ಲಿ ಒತ್ತಿದರೆ ನೋಯುವ ಚುಕ್ಕೆ ಕಂಡರೆ, ಒಟ್ಟು ಊಟವೇ ಓಟಕ್ಕೆ ಸಾಲುತ್ತಿಲ್ಲ ಎಂಬ ಸೂಚನೆ ಇದ್ದೀತು. ಅದಕ್ಕೆ ಒಂದು ಚಮಚ ವೇ ಪುಡಿ ಮದ್ದಲ್ಲ. ಓಟ ನಿಲ್ಲಿಸಿ, ಅನ್ನ, ಎಣ್ಣೆ, ಮಾಂಸ, ಹಾಲು ಎಲ್ಲವನ್ನೂ ಹೆಚ್ಚಿಸಿ, ವೈದ್ಯರನ್ನು ಅದೇ ವಾರ ಕಾಣಿ.